ಲಾಗಿನ್‌ನಲ್ಲಿರುವ ‘ಲಾಗ್’: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಕಿನ ಆ್ಯಪ್ ತೆರೆದರೆ ಲಾಗಿನ್. ರೈಲಿನ ಟಿಕೆಟ್ ತೆಗೆಯಲು ಲಾಗಿನ್. ಇಂಗ್ಲಿಷ್ ಓದದವರ ಬಾಯಲ್ಲೂ ಈಗ ಸಲೀಸಾಗಿ ಬರುವ ಪದ ಇದು. ಇದರ ಹುಟ್ಟೂರು ಸಮುದ್ರ ಎಂದು ಹೇಳಿದಾಗಲೆಲ್ಲ ಒಂದಿಷ್ಟು ಪ್ರಶ್ನೆಗಳು ಬರುತ್ತವೆ. ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದವನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಸ್ವಲ್ಪ ಆಳದವು.

## ಮೊದಲಿನಿಂದ

ಲಾಗ್ ಅಂದ್ರೆ ಮರದ ದಿಮ್ಮಿ ಅಂತ ಶಾಲೆಯಲ್ಲಿ ಓದಿದ್ದೆ. ಲಾಗಿನ್‌ಗೂ ದಿಮ್ಮಿಗೂ ಏನ್ ಸಂಬಂಧ?

ನೇರ ಸಂಬಂಧವೇ ಇದೆ, ಅದೇ ಮರ. ಹಡಗು ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂದು ತಿಳಿಯಲು ಹಿಂದೆ ನಾವಿಕರು ದಾರ ಕಟ್ಟಿದ ಮರದ ತುಂಡೊಂದನ್ನು ನೀರಿಗೆ ಎಸೆಯುತ್ತಿದ್ದರು. ಆ ತುಂಡಿಗೆ ಲಾಗ್ ಎಂದು ಹೆಸರು. ಅದರಿಂದ ಸಿಕ್ಕ ಲೆಕ್ಕವನ್ನು ಬರೆಯುವ ಪುಸ್ತಕ ಲಾಗ್ ಬುಕ್ ಆಯಿತು. ಪುಸ್ತಕದ ಹೆಸರು ಸವೆದು ಬರೀ ಲಾಗ್ ಎಂದರೂ ಸಾಕಾಯಿತು. ಪುಸ್ತಕದಲ್ಲಿ ಬರೆಯುವ ಕೆಲಸಕ್ಕೂ ಲಾಗ್ ಮಾಡುವುದು ಎಂದರು. ಕಂಪ್ಯೂಟರ್ ಬಂದ ಮೇಲೆ, ಯಂತ್ರದ ದಾಖಲೆಯಲ್ಲಿ ನಮ್ಮ ಹೆಸರು ಸೇರಿಸಿ ಒಳಗೆ ಹೋಗುವುದು ಲಾಗಿನ್ ಆಯಿತು.

ಮರದ ತುಂಡು ಎಸೆದರೆ ವೇಗ ಹೇಗೆ ಗೊತ್ತಾಗುತ್ತೆ ಸರ್? ಅರ್ಥ ಆಗಲಿಲ್ಲ.

ನಡುಗಡಲಲ್ಲಿ ಮೈಲಿಗಲ್ಲು ಇಲ್ಲ, ಮರ ಇಲ್ಲ, ಮನೆ ಇಲ್ಲ. ವೇಗ ಅಳೆಯಲು ಕದಲದೆ ನಿಂತಿರುವ ಏನಾದರೂ ಒಂದು ಬೇಕು. ಇಲ್ಲದಿದ್ದರೆ ನಾವೇ ಒಂದನ್ನು ನಿಲ್ಲಿಸಬೇಕು. ಆ ಮರದ ತುಂಡಿನ ಕೆಲಸ ಅಷ್ಟೇ, ನೀರಿನಲ್ಲಿ ಇದ್ದಲ್ಲೇ ನಿಲ್ಲುವುದು.

ತುಂಡು ಎಂದರೆ ದಿಮ್ಮಿಯಲ್ಲ. ಕಾಲು ವೃತ್ತದ ಆಕಾರದ ತೆಳು ಹಲಗೆ. ಬಾಗಿದ ಅಂಚಿಗೆ ಸೀಸ ಹೊಡೆದಿರುತ್ತಿದ್ದರು. ಹಾಗಾಗಿ ಅದು ನೀರಿನಲ್ಲಿ ಮಲಗುವುದಿಲ್ಲ, ನೆಟ್ಟಗೆ ನಿಲ್ಲುತ್ತದೆ. ಅಗಲವಾದ ಮೈ ನೀರಿಗೆ ಅಡ್ಡ ಇರುವುದರಿಂದ ಹಡಗಿನ ಹಿಂದೆ ಎಳೆದುಕೊಂಡು ಬರುವುದಿಲ್ಲ. ಹಲಗೆಯ ಮೂರು ಮೂಲೆಗೂ ಮೂರು ಸಣ್ಣ ದಾರ, ಮೂರೂ ಸೇರಿ ಒಂದು ಉದ್ದ ಹುರಿಗೆ ಗಂಟು. ಒಂದು ಮೂಲೆಯ ದಾರಕ್ಕೆ ಮಾತ್ರ ಮರದ ಗೂಟ. ಅಳತೆ ಮುಗಿದ ಮೇಲೆ ಜೋರಾಗಿ ಜಗ್ಗಿದರೆ ಗೂಟ ಕಿತ್ತು ಬರುತ್ತದೆ, ಹಲಗೆ ಅಡ್ಡ ಮಲಗುತ್ತದೆ, ಸುಲಭವಾಗಿ ಎಳೆದುಕೊಳ್ಳಬಹುದು. ಈ ಗೂಟ ಯಾರ ತಲೆಗೆ ಹೊಳೆಯಿತೋ, ಅವನಿಗೊಂದು ನಮಸ್ಕಾರ.

ಕೆಲಸಕ್ಕೆ ಮೂರು ಜನ ಬೇಕು. ಒಬ್ಬ ಹುರಿ ಸುತ್ತಿದ ಉರುಳೆಯನ್ನು ಎರಡೂ ಕೈಯಲ್ಲಿ ತಲೆಗಿಂತ ಮೇಲೆ ಹಿಡಿದು ನಿಲ್ಲುತ್ತಾನೆ. ಗಾಳಿಪಟದ ಉರುಳೆಯ ಹಾಗೆ ಅದು ತಡೆಯಿಲ್ಲದೆ ತಿರುಗಬೇಕು. ಇನ್ನೊಬ್ಬನ ಕೈಯಲ್ಲಿ ಪುಟ್ಟ ಮರಳು ಗಡಿಯಾರ. ಮೂರನೆಯವನು ಹಡಗಿನ ಹಿಂಭಾಗದಿಂದ ಹಲಗೆ ಎಸೆಯುತ್ತಾನೆ. ಹಡಗು ಸೀಳಿ ಬಿಟ್ಟ ನೀರು ಕದಡಿರುತ್ತದಲ್ಲ, ಅದನ್ನು ದಾಟುವವರೆಗೆ ಲೆಕ್ಕವಿಲ್ಲ. ಅಲ್ಲಿಗೆ ಹುರಿಯಲ್ಲಿ ಒಂದು ಬಟ್ಟೆಯ ಚೂರು ಕಟ್ಟಿರುತ್ತಾರೆ. ಆ ಚೂರು ಕೈ ದಾಟಿದ ಕೂಡಲೇ ‘ತಿರುಗಿಸು’ ಎಂದು ಕೂಗು. ಗಡಿಯಾರ ಮಗುಚುತ್ತದೆ. ಹುರಿ ಸರಸರ ಓಡುತ್ತದೆ, ಅದರಲ್ಲಿರುವ ಗಂಟುಗಳು ಒಂದೊಂದಾಗಿ ಕೈ ದಾಟುತ್ತವೆ. ಮರಳು ಮುಗಿದಾಗ ‘ನಿಲ್ಲಿಸು’ ಎಂಬ ಕೂಗು. ಅಷ್ಟರಲ್ಲಿ ಐದು ಗಂಟು ದಾಟಿದ್ದರೆ ಹಡಗಿನ ವೇಗ ಐದು ನಾಟ್. ಗಂಟಿಗೆ ಇಂಗ್ಲಿಷಿನಲ್ಲಿ ನಾಟ್ ಎನ್ನುತ್ತಾರೆ.

18ನೇ ಶತಮಾನದ ಇಂಗ್ಲಿಷ್ ಯುದ್ಧನೌಕೆಗಳಲ್ಲೂ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲೂ ಇದು ಗಂಟೆಗೊಮ್ಮೆ ನಡೆಯುತ್ತಿತ್ತು. ಉಳಿದ ಹಡಗುಗಳಲ್ಲಿ ಎರಡು ಗಂಟೆಗೊಮ್ಮೆ. ಮಳೆ ಇರಲಿ, ನಡುರಾತ್ರಿ ಇರಲಿ.

ಅಷ್ಟೆಲ್ಲ ಕಷ್ಟ ಪಟ್ಟು ವೇಗ ಯಾಕೆ ಬೇಕಿತ್ತು? ಗಾಳಿ ಬೀಸಿದ ಕಡೆ ಹೋಗೋದು ತಾನೇ?

ವೇಗ ಗೊತ್ತಿಲ್ಲದಿದ್ದರೆ ತಾವು ಎಲ್ಲಿದ್ದೇವೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಉತ್ತರ-ದಕ್ಷಿಣದಲ್ಲಿ ಎಲ್ಲಿದ್ದೇವೆ ಎಂದು ಮಧ್ಯಾಹ್ನದ ಸೂರ್ಯನ ಎತ್ತರ ನೋಡಿ ಹೇಳಬಹುದಿತ್ತು. ಪೂರ್ವ-ಪಶ್ಚಿಮಕ್ಕೆ ಅಂಥ ಆಧಾರ ಇರಲಿಲ್ಲ. ಯಾವ ದಿಕ್ಕು, ಎಷ್ಟು ವೇಗ, ಎಷ್ಟು ಹೊತ್ತು ಎಂದು ಕೂಡಿಸುತ್ತಾ ಹೋಗಿ ನಕ್ಷೆಯ ಮೇಲೆ ಅಂದಾಜಿನ ಚುಕ್ಕೆ ಇಡುವುದೊಂದೇ ದಾರಿ.

ಅಂದಾಜು ತಪ್ಪಿದರೆ ಏನಾಗುತ್ತದೆ? 1707ರ ಅಕ್ಟೋಬರ್ 22ರ ರಾತ್ರಿ, ಜಿಬ್ರಾಲ್ಟರ್‌ನಿಂದ ಊರಿಗೆ ಮರಳುತ್ತಿದ್ದ ಬ್ರಿಟಿಷ್ ನೌಕಾಪಡೆಯ ನಾಲ್ಕು ಹಡಗುಗಳು ಇಂಗ್ಲೆಂಡಿನ ನೈರುತ್ಯ ತುದಿಯ ಹತ್ತಿರದ ಸಿಲ್ಲಿ ದ್ವೀಪಗಳ ಬಂಡೆಗೆ ಬಡಿದು ಮುಳುಗಿದವು. ಅಡ್ಮಿರಲ್ ಕ್ಲೌಡ್ಸ್‌ಲಿ ಶೊವೆಲ್ ಸೇರಿ 1,400ಕ್ಕೂ ಜಾಸ್ತಿ ಜನ ಸತ್ತರು. ಬಂಡೆ ಹತ್ತಿರ ಇದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಉಳಿದ ಹಡಗುಗಳ ಲಾಗ್ ಬುಕ್‌ಗಳನ್ನು ಆಮೇಲೆ ತಾಳೆ ಹಾಕಿ ನೋಡಿದರೆ ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. ಈ ದುರಂತದ ನೆನಪು ಹಸಿಯಾಗಿರುವಾಗಲೇ, 1714ರಲ್ಲಿ, ರೇಖಾಂಶ, ಅಂದರೆ ಪೂರ್ವ-ಪಶ್ಚಿಮದಲ್ಲಿ ಎಲ್ಲಿದ್ದೇವೆ ಎಂಬುದನ್ನು ಕಂಡುಹಿಡಿಯುವ ದಾರಿ ತೋರಿಸಿದವರಿಗೆ 20,000 ಪೌಂಡ್‌ವರೆಗೆ ಬಹುಮಾನ ಕೊಡುವ ಕಾಯ್ದೆಯನ್ನು ಬ್ರಿಟಿಷ್ ಸಂಸತ್ತು ಮಾಡಿತು.

ಪುಸ್ತಕಕ್ಕೆ ಮರದ ಹೆಸರು ಇಟ್ಟಿದ್ದು ವಿಚಿತ್ರ ಅಲ್ವಾ?

ನಡುವೆ ಇನ್ನೊಂದು ಮೆಟ್ಟಿಲಿದೆ, ಅದನ್ನು ಬಿಟ್ಟರೆ ವಿಚಿತ್ರ ಅನ್ನಿಸುತ್ತದೆ. ಅಳತೆ ಸಿಕ್ಕ ಕೂಡಲೇ ಯಾರೂ ಪುಸ್ತಕ ತೆರೆಯುತ್ತಿರಲಿಲ್ಲ. ಗಾಳಿ, ಉಪ್ಪುನೀರು, ಕತ್ತಲೆಯಲ್ಲಿ ಕಾಗದ ಉಳಿಯುವುದೂ ಇಲ್ಲ. ಪುಸ್ತಕದ ಹಾಗೆ ಮಡಚುವ ಎರಡು ಮರದ ಫಲಕಗಳಿದ್ದವು. ಅವುಗಳ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಅದು ಲಾಗ್ ಬೋರ್ಡ್. ಆಮೇಲೆ ಕೆಲವು ಹಡಗುಗಳಲ್ಲಿ ಸ್ಲೇಟು ಬಂತು.

ಫಲಕದಲ್ಲಿ ಅಂಕಣಗಳಿದ್ದವು: ಗಂಟೆ, ನಾಟ್, ಮಾರು, ದಿಕ್ಕು, ಗಾಳಿ, ವಿಶೇಷ. ಹೌದು, ನಮ್ಮ ಮಾರೇ. ಎರಡೂ ಕೈ ಚಾಚಿದಷ್ಟು ಉದ್ದ, ಸುಮಾರು ಆರಡಿ. ಇಂಗ್ಲಿಷ್ ನಾವಿಕರ ಅಳತೆಯೂ ಅದೇ. ಎರಡು ಗಂಟುಗಳ ನಡುವಿನ ಅಂತರವನ್ನು ಎಂಟು ಮಾರಾಗಿ ಭಾಗ ಮಾಡಿ ಬರೆಯುತ್ತಿದ್ದರು. ದಿನಕ್ಕೊಮ್ಮೆ ಮಧ್ಯಾಹ್ನ ಫಲಕದಲ್ಲಿದ್ದುದನ್ನೆಲ್ಲ ಪುಸ್ತಕಕ್ಕೆ ಇಳಿಸಿ ಫಲಕ ಒರೆಸುತ್ತಿದ್ದರು. ಲಾಗ್‌ನ ಲೆಕ್ಕ ಬರೆಯುವ ಫಲಕ, ಫಲಕದಲ್ಲಿದ್ದುದನ್ನು ಬರೆಯುವ ಪುಸ್ತಕ, ಹೀಗೆ ಹೆಸರು ಒಂದರಿಂದ ಇನ್ನೊಂದಕ್ಕೆ ದಾಟಿತು. ಲಾಗ್ ಬುಕ್ ಎಂಬ ಪದ 17ನೇ ಶತಮಾನದ ಕೊನೆಯ ಹೊತ್ತಿಗೆ ಬಳಕೆಯಲ್ಲಿತ್ತು. ಬರೀ ಲಾಗ್ ಎಂದರೆ ಪುಸ್ತಕ ಎನ್ನುವ ಚುಟುಕು ಮಾತು 19ನೇ ಶತಮಾನದ್ದು.

## ಗಂಟಿನ ಲೆಕ್ಕ

ಚಂಡಮಾರುತದ ಸುದ್ದಿಯಲ್ಲಿ ನಾಟ್ ನಾಟ್ ಅಂತಾರೆ. ಅದು ಇದೇ ಗಂಟಾ?

ಇದೇ. ಹುರಿಯಲ್ಲಿದ್ದ ಗಂಟೇ ವೇಗದ ಅಳತೆಯ ಹೆಸರಾಯಿತು. ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿಲೋಮೀಟರ್. ಹವಾಮಾನ ಇಲಾಖೆ ಗಾಳಿಯ ವೇಗ 34 ನಾಟ್ ಮುಟ್ಟಿದಾಗ ಅದನ್ನು ಚಂಡಮಾರುತ ಎಂದು ಕರೆಯುತ್ತದೆ, ಆಗ ಅದಕ್ಕೊಂದು ಹೆಸರೂ ಸಿಗುತ್ತದೆ. 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋದ ತೌಕ್ತೆಯನ್ನೂ ಇದೇ ಗಂಟಿನಲ್ಲಿ ಅಳೆದರು. ಮನಸ್ಸಿನಲ್ಲೇ ಲೆಕ್ಕ ಹಾಕಲು ಒಂದು ಉಪಾಯ: ನಾಟ್ ಅನ್ನು ದುಪ್ಪಟ್ಟು ಮಾಡಿ, ಅದರಲ್ಲಿ ಹದಿಮೂರನೇ ಒಂದು ಭಾಗ ಕಳೆಯಿರಿ. 34ರ ದುಪ್ಪಟ್ಟು 68, ಐದು ಕಳೆದರೆ 63 ಕಿಲೋಮೀಟರ್.

ಗಂಟೆಗೆ 20 ನಾಟ್ ಅಂತ ಬರೆಯಬಹುದಾ?

ಬೇಡ. ನಾಟ್‌ನಲ್ಲೇ ‘ಗಂಟೆಗೆ’ ಸೇರಿದೆ. ಸುಮ್ನೆ 20 ನಾಟ್ ಎನ್ನಿ.

ಒಂದು ಗಂಟಿನಿಂದ ಇನ್ನೊಂದಕ್ಕೆ 47 ಅಡಿ 3 ಇಂಚು ಅಂತ ಎಲ್ಲೋ ಓದಿದೆ. ಇಂಥ ವಿಚಿತ್ರ ಅಳತೆ ಎಲ್ಲಿಂದ ಬಂತು?

ಮರಳು ಗಡಿಯಾರದಿಂದ ಬಂತು. ಗಡಿಯಾರ 28 ಸೆಕೆಂಡಿನದಾದರೆ, 28 ಸೆಕೆಂಡಿನಲ್ಲಿ 47 ಅಡಿ 3 ಇಂಚು ಹೋಗುವ ಹಡಗು ಒಂದು ಗಂಟೆಯಲ್ಲಿ ಎಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. 6,075 ಅಡಿ. ನಾಟಿಕಲ್ ಮೈಲಿ 6,076 ಅಡಿ. ಗಂಟು ಎಣಿಸಿದರೆ ಸಾಕು, ಗುಣಾಕಾರ ಭಾಗಾಕಾರ ಮಾಡಬೇಕಿಲ್ಲ. ಹುರಿ ಕಟ್ಟಿದವನು ಲೆಕ್ಕವನ್ನು ಮೊದಲೇ ಹುರಿಯೊಳಗೆ ಕಟ್ಟಿಟ್ಟಿದ್ದಾನೆ.

ಆದರೆ ಇದು ಮೊದಲಿನಿಂದ ಹೀಗಿರಲಿಲ್ಲ. ಶುರುವಿನಲ್ಲಿ ಇಂಗ್ಲಿಷ್ ನಾವಿಕರು ಒಂದು ಮೈಲಿಗೆ 5,000 ಅಡಿ ಎಂದು ನಂಬಿದ್ದರು. 30 ಸೆಕೆಂಡಿನ ಗಡಿಯಾರ, 42 ಅಡಿಗೊಂದು ಗಂಟು. ರಿಚರ್ಡ್ ನಾರ್ವುಡ್ ಎಂಬ ಗಣಿತದ ಮೇಷ್ಟ್ರು 1633ರಲ್ಲಿ ಲಂಡನ್‌ನಲ್ಲಿ ಸೂರ್ಯನ ಎತ್ತರ ಅಳೆದ, 1635ರಲ್ಲಿ ಯಾರ್ಕ್‌ನಲ್ಲಿ ಅಳೆದ. ನಡುವಿನ ದಾರಿಯನ್ನು ಸರಪಳಿ ಹಿಡಿದು ಅಳೆದ, ಆಗದ ಕಡೆ ಹೆಜ್ಜೆ ಎಣಿಸಿದ. ಅವನಿಗೆ ಸಿಕ್ಕ ಉತ್ತರ ಮೈಲಿಗೆ ಸುಮಾರು 6,120 ಅಡಿ. ಇವತ್ತಿನ ಅಳತೆಗೆ ಎಷ್ಟು ಹತ್ತಿರ ನೋಡಿ. 1637ರಲ್ಲಿ ಇದನ್ನು ಪ್ರಕಟಿಸಿ, ಗಂಟುಗಳ ಅಂತರ ಹೆಚ್ಚಿಸಿ ಎಂದ.

ನಾವಿಕರು ಅಷ್ಟು ಸುಲಭಕ್ಕೆ ಕೇಳಲಿಲ್ಲ. ಹಳೆಯ ಗಿಡ್ಡ ಅಂತರವೇ ಬಹಳ ಕಾಲ ಉಳಿಯಿತು. ಮೊಂಡುತನ ಎನ್ನಬಹುದು, ಆದರೆ ಒಂದು ನ್ಯಾಯವೂ ಇತ್ತು. ಗಂಟು ಹತ್ತಿರ ಹತ್ತಿರ ಇದ್ದರೆ ವೇಗ ಜಾಸ್ತಿ ಕಾಣುತ್ತದೆ. ದಡ ಇನ್ನೂ ದೂರ ಇರುವಾಗಲೇ ಬಂತೆಂದು ಎಚ್ಚರಾಗುತ್ತಾರೆ. ದಡ ಬಂದ ಮೇಲೂ ದೂರ ಇದೆ ಎಂದುಕೊಂಡರೆ ಹಡಗೇ ಹೋಗುತ್ತದೆ.

ನಾಟಿಕಲ್ ಮೈಲಿ ಯಾಕೆ ಬೇರೆ? ನೆಲದ ಮೈಲಿ ಸಾಲದಾ?

ನಾಟಿಕಲ್ ಮೈಲಿ ಭೂಮಿಯ ಅಳತೆಯಿಂದಲೇ ಹುಟ್ಟಿದ್ದು. ಅಕ್ಷಾಂಶದ ಒಂದು ಡಿಗ್ರಿಗೆ 60 ಮಿನಿಟ್. ಒಂದು ಮಿನಿಟ್‌ಗೆ ಒಂದು ನಾಟಿಕಲ್ ಮೈಲಿ. ನಕ್ಷೆಯ ಅಂಚಿನಲ್ಲಿರುವ ಅಕ್ಷಾಂಶದ ಗೆರೆಗಳೇ ಅಳತೆಪಟ್ಟಿ ಆಗಿಬಿಡುತ್ತವೆ. ಮಂಗಳೂರು ಸುಮಾರು 12 ಡಿಗ್ರಿ 52 ಮಿನಿಟ್, ಕಾರವಾರ ಸುಮಾರು 14 ಡಿಗ್ರಿ 48 ಮಿನಿಟ್. ವ್ಯತ್ಯಾಸ 116 ಮಿನಿಟ್. ಅಂದರೆ ಕಾರವಾರ ಮಂಗಳೂರಿಗಿಂತ 116 ನಾಟಿಕಲ್ ಮೈಲಿ, ಸುಮಾರು 215 ಕಿಲೋಮೀಟರ್ ಉತ್ತರಕ್ಕಿದೆ. ಕ್ಯಾಲ್ಕುಲೇಟರ್ ಬೇಕಾಗಲಿಲ್ಲ ಅಲ್ವಾ? ದೇಶಕ್ಕೊಂದು ತರ ಇದ್ದ ಈ ಮೈಲಿಯನ್ನು 1929ರಲ್ಲಿ ಮೊನಾಕೋದಲ್ಲಿ ಸೇರಿದ ಅಂತರರಾಷ್ಟ್ರೀಯ ಸಭೆ 1,852 ಮೀಟರ್ ಎಂದು ನಿಗದಿ ಮಾಡಿತು.

## ನೆಂಟರು ಯಾರು, ಬರೀ ಹೆಸರಿನವರು ಯಾರು

ಗಣಿತದ ಲಾಗ್ ಟೇಬಲ್‌ಗೂ ಇದಕ್ಕೂ ಸಂಬಂಧ ಇದೆಯಾ? ಪಿಯುಸಿಯಲ್ಲಿ ಆ ಪುಸ್ತಕ ನೋಡಿದರೆ ಜ್ವರ ಬರ್ತಿತ್ತು.

ಸಂಬಂಧ ಇಲ್ಲ. ಅದು ಲಾಗರಿದಮ್‌ನ ಚುಟುಕು. ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಎರಡು ಗ್ರೀಕ್ ಪದ ಸೇರಿಸಿ ಕಟ್ಟಿದ ಹೆಸರು: ಅನುಪಾತ ಎಂಬರ್ಥದ ಲೋಗೋಸ್, ಸಂಖ್ಯೆ ಎಂಬರ್ಥದ ಅರಿತ್ಮೋಸ್. ಲಾಗ್ ಬುಕ್‌ನ ಲಾಗ್ ಮರದ್ದು, ಇದು ಗ್ರೀಕಿನದು.

ತಮಾಷೆ ಏನೆಂದರೆ, ಹಡಗಿನಲ್ಲಿ ಎರಡೂ ಒಟ್ಟಿಗೆ ಇರುತ್ತಿದ್ದವು. ದಾರಿಯ ಲೆಕ್ಕಕ್ಕೆ ದೊಡ್ಡ ದೊಡ್ಡ ಗುಣಾಕಾರ ಬರುತ್ತಿತ್ತು, ಅದಕ್ಕೆ ಲಾಗರಿದಮ್ ಕೋಷ್ಟಕ ತುಂಬಾ ಅನುಕೂಲ.

ಕ್ಯಾಟಲಾಗ್, ಡೈಲಾಗ್, ಲಾಜಿಕ್, ಲೋಗೋ?

ಎಲ್ಲವೂ ಗ್ರೀಕಿನ ಕಡೆಯವು. ಸಿನಿಮಾ ಡೈಲಾಗ್‌ನಲ್ಲಿ ಮರ ಇಲ್ಲ.

ಎಂಜಿನಿಯರಿಂಗ್‌ನಲ್ಲಿ ನನಗೆ ನಾಲ್ಕು ಬ್ಯಾಕ್‌ಲಾಗ್ ಇತ್ತು. ಅದೂ ಹಡಗಿನದ್ದಾ?

ಮರದ್ದು ಹೌದು, ಹಡಗಿನದ್ದಲ್ಲ. ಚಳಿ ದೇಶಗಳ ಮನೆಗಳಲ್ಲಿ ಬೆಂಕಿಗೂಡಿನ ಹಿಂಭಾಗಕ್ಕೆ ಒಂದು ದಪ್ಪ ದಿಮ್ಮಿ ಇಡುತ್ತಿದ್ದರು. ಅದು ನಿಧಾನವಾಗಿ ಉರಿಯುತ್ತಾ ಬೆಂಕಿ ಆರದ ಹಾಗೆ ನೋಡಿಕೊಳ್ಳುತ್ತಿತ್ತು. ಅದು ಬ್ಯಾಕ್‌ಲಾಗ್. ಹಿಂದೆ ಇಟ್ಟ ದಾಸ್ತಾನು ಎಂಬ ಅರ್ಥ ಅದರಿಂದ ಬಂತು, ಆಮೇಲೆ ಮುಗಿಯದೆ ಉಳಿದ ಕೆಲಸ ಎಂದಾಯಿತು. ಸರ್ಕಾರಿ ನೇಮಕಾತಿಯ ಬ್ಯಾಕ್‌ಲಾಗ್ ಹುದ್ದೆ, ನಿಮ್ಮ ನಾಲ್ಕು ಸಬ್ಜೆಕ್ಟು, ಎರಡೂ ಆ ಬೆಂಕಿಗೂಡಿನ ಹಿಂದಿನವು.

ಮಳೆ ಬಂದಾಗ ಬೆಂಗಳೂರಿನಲ್ಲಿ ವಾಟರ್ ಲಾಗಿಂಗ್ ಅಂತಾರಲ್ಲ, ಅದು?

ಇದು ಹಡಗಿನದ್ದೇ. ತೂತು ಬಿದ್ದು ಹೊಟ್ಟೆಯಲ್ಲಿ ನೀರು ತುಂಬಿದ ಮರದ ಹಡಗು ಕೂಡಲೇ ಮುಳುಗುವುದಿಲ್ಲ. ಭಾರವಾಗಿ, ಚುಕ್ಕಾಣಿಗೆ ಬಗ್ಗದೆ, ಅಲೆ ಹೊಡೆದ ಕಡೆ ಹೊರಳುತ್ತದೆ. ಹಡಗು ಹೋಗಿ ದಿಮ್ಮಿಯಾಯಿತು ಎಂಬ ಭಾವ. 1769ರ ಒಂದು ಇಂಗ್ಲಿಷ್ ಹಡಗು ನಿಘಂಟಿನಲ್ಲೇ ಈ ಪದ ಇದೆ. ಆಮೇಲೆ ನೀರು ನಿಂತ ಗದ್ದೆಗೆ ಬಂತು, ರಸ್ತೆಗೆ ಬಂತು. ಅಂಡರ್‌ಪಾಸ್‌ನಲ್ಲಿ ಕೆಟ್ಟು ನಿಂತ ಕಾರಿನೊಳಗೆ ಕೂತವರಿಗೆ ಮೂಲ ಅರ್ಥ ಚೆನ್ನಾಗಿ ಗೊತ್ತಾಗುತ್ತದೆ.

## ನೆಲಕ್ಕೆ ಬಂದ ಮೇಲೆ

ನಾನು ಇಲಾಖೆಯ ಜೀಪ್ ಡ್ರೈವರ್. ನಮಗೂ ಲಾಗ್ ಬುಕ್ ಇದೆ. ಕಿಲೋಮೀಟರ್ ಬರೆದು ಸಾಹೇಬ್ರ ಸಹಿ ಹಾಕಿಸ್ತೀವಿ. ಅದೂ ಇದೇನಾ?

ಇದೇ, ಮತ್ತು ಮೂಲಕ್ಕೆ ಬಹಳ ಹತ್ತಿರದ್ದು. ಎಲ್ಲಿಂದ ಹೊರಟಿರಿ, ಎಷ್ಟು ದೂರ, ಯಾವ ಕೆಲಸಕ್ಕೆ, ಯಾರು ಹೊಣೆ, ಇಷ್ಟೇ ತಾನೇ ನಿಮ್ಮ ಪುಸ್ತಕದಲ್ಲಿರುವುದು? ಹಡಗಿನದರಲ್ಲೂ ಅದೇ. ಪೈಲಟ್‌ಗಳು ಹಾರಿದ ಗಂಟೆಗಳನ್ನು ಬರೆಯುವುದು ಲಾಗ್ ಬುಕ್‌ನಲ್ಲಿ. ಕರೆಂಟಿನ ಸಬ್‌ಸ್ಟೇಷನ್‌ಗಳಲ್ಲಿ ಗಂಟೆಗೊಮ್ಮೆ ವೋಲ್ಟೇಜು, ಲೋಡು ಬರೆಯುವ ಹಾಳೆ ಲಾಗ್ ಶೀಟ್. ನನ್ನನ್ನು ಕೇಳಿದರೆ ಹಳೆಯ ಲಾಗ್ ಬೋರ್ಡಿಗೆ ಹೆಚ್ಚು ಹತ್ತಿರದ ನೆಂಟ ಈ ಲಾಗ್ ಶೀಟೇ. ರಾತ್ರಿ ಎರಡು ಗಂಟೆಗೆ ಎದ್ದು ನಿಂತು ಅಂಕಿ ಬರೆಯುವ ಆಪರೇಟರನ್ನು ಹಡಗಿನವರು ನೋಡಿದ್ದರೆ ಗುರುತು ಹಿಡಿಯುತ್ತಿದ್ದರು.

ಕಂಪ್ಯೂಟರ್‌ಗೆ ಲಾಗಿನ್ ಅನ್ನೋದು ಯಾವಾಗ ಬಂತು?

1960ರ ದಶಕದಲ್ಲಿ. ಅದಕ್ಕೂ ಮುಂಚೆ ಒಂದು ಯಂತ್ರವನ್ನು ಒಂದು ಹೊತ್ತಿಗೆ ಒಬ್ಬರೇ ಬಳಸುತ್ತಿದ್ದರು, ಯಾರು ಎಂದು ಯಂತ್ರ ಕೇಳಬೇಕಿರಲಿಲ್ಲ. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಕಂಪ್ಯೂಟರನ್ನು ಹಲವರು ಏಕಕಾಲದಲ್ಲಿ ಬಳಸುವ ವ್ಯವಸ್ಥೆ ಕಟ್ಟಿ 1961ರ ನವೆಂಬರ್‌ನಲ್ಲಿ ತೋರಿಸಿದರು. ಅದು ಬಳಕೆಗೆ ಬಂದಾಗ, ಕೂತವರು ಲಾಗಿನ್ ಎಂದು ಟೈಪ್ ಮಾಡಿ ಹೆಸರು, ಪಾಸ್‌ವರ್ಡ್ ಕೊಡಬೇಕಾಯಿತು. ಯಂತ್ರದ ಸಮಯ ಬಹಳ ದುಬಾರಿ. ಯಾರು ಎಷ್ಟು ಹೊತ್ತು ಬಳಸಿದರು ಎಂಬ ಲೆಕ್ಕ ಇಡಬೇಕಿತ್ತು, ಪ್ರತಿಯೊಬ್ಬರಿಗೂ ಇಂತಿಷ್ಟೇ ಎಂಬ ಮಿತಿ ಇತ್ತು. 1962ರಲ್ಲಿ ಆ್ಯಲನ್ ಷೆರ್ ಎಂಬ ಸಂಶೋಧಕ ಆ ಸಮಯ ಸಾಲದೆ ಎಲ್ಲರ ಪಾಸ್‌ವರ್ಡ್ ಇದ್ದ ಫೈಲನ್ನೇ ಪ್ರಿಂಟ್ ತೆಗೆದುಕೊಂಡ. ಪಾಸ್‌ವರ್ಡ್ ಹುಟ್ಟಿ ಸ್ವಲ್ಪ ದಿನಕ್ಕೇ ಕಳ್ಳತನವೂ ಶುರು!

ಇಂಟರ್ನೆಟ್‌ನ ಮೊದಲ ರೂಪವಾದ ಅರ್ಪಾನೆಟ್‌ನಲ್ಲಿ ಹೋದ ಮೊದಲ ಸಂದೇಶವೂ ಇದೇ ಪದ. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲಿಸ್‌ನಿಂದ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಯಂತ್ರಕ್ಕೆ ಲಾಗಿನ್ ಎಂದು ಟೈಪ್ ಮಾಡತೊಡಗಿದ. ಎಲ್ ಹೋಯಿತು, ಓ ಹೋಯಿತು. ಅಷ್ಟರಲ್ಲಿ ಆ ಕಡೆಯ ಯಂತ್ರ ಕೂತುಬಿಟ್ಟಿತು. ಸುಮಾರು ಒಂದು ಗಂಟೆಯ ಬಳಿಕ ಪೂರ್ತಿ ಹೋಯಿತು. ಸರ್ವರ್ ಡೌನ್ ಎಂದು ಬೈಯುವಾಗ ಇದನ್ನು ನೆನೆಸಿಕೊಳ್ಳಬಹುದು.

ನಾನು ಸಾಫ್ಟ್‌ವೇರ್‌ನಲ್ಲಿದ್ದೀನಿ. ದಿನಾ ಲಾಗ್ ಫೈಲ್ ನೋಡೋದೇ ಕೆಲಸ. ಅದರ ಕಥೆ ಹೇಳಿ.

ನಿಮ್ಮ ಫೈಲಿನ ಪ್ರತಿ ಸಾಲು ಸಮಯದಿಂದ ಶುರುವಾಗುತ್ತದಲ್ಲ, ಅದು ಲಾಗ್ ಬೋರ್ಡಿನ ಮೊದಲ ಅಂಕಣ. ಕಂಪ್ಯೂಟರ್‌ಗಳು ತಾವೇ ಬರೆಯುವ ಮೊದಲು ಅವನ್ನು ನಡೆಸುವವರು ಕೈಯಲ್ಲಿ ಬರೆಯುತ್ತಿದ್ದರು. ಅದರಲ್ಲಿ ಒಂದು ಪುಟ ಜಗತ್ಪ್ರಸಿದ್ಧ. 1947ರ ಸೆಪ್ಟೆಂಬರ್ 9, ಹಾರ್ವರ್ಡ್‌ನ ಮಾರ್ಕ್ 2 ಎಂಬ ಯಂತ್ರ. ರಿಲೇ ಎಂಬ ವಿದ್ಯುತ್ ಸ್ವಿಚ್ಚೊಂದರಲ್ಲಿ ಪತಂಗ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ಲಾಗ್ ಬುಕ್‌ಗೆ ಟೇಪಿನಲ್ಲಿ ಅಂಟಿಸಿ, ನಿಜವಾದ ಬಗ್ (ಹುಳ) ಸಿಕ್ಕ ಮೊದಲ ಪ್ರಸಂಗ ಎಂದು ಪಕ್ಕದಲ್ಲಿ ಬರೆದರು. ಯಂತ್ರದ ದೋಷಕ್ಕೆ ಬಗ್ ಎನ್ನುವುದು ಅದಕ್ಕೂ ಹಳೆಯದು, ಎಡಿಸನ್ ಕಾಲದಲ್ಲೇ ಇತ್ತು. ಅದಕ್ಕೇ ಆ ಸಾಲು ತಮಾಷೆ. ಆ ತಂಡದಲ್ಲಿದ್ದ ಗ್ರೇಸ್ ಹಾಪರ್ ಈ ಕಥೆಯನ್ನು ಊರಿಗೆಲ್ಲ ಹೇಳಿದರು, ಪತಂಗ ಹಿಡಿದದ್ದು ಅವರಲ್ಲ. ಹಾಪರ್ ಅಮೆರಿಕದ ನೌಕಾಪಡೆಯ ಅಧಿಕಾರಿ, ಯಂತ್ರ ಕಟ್ಟಿಸಿದ್ದೂ ನೌಕಾಪಡೆ. ಪತಂಗವಿರುವ ಪುಟ ಈಗ ಸ್ಮಿತ್‌ಸೋನಿಯನ್‌ನ ಅಮೆರಿಕನ್ ಇತಿಹಾಸ ಸಂಗ್ರಹಾಲಯದಲ್ಲಿದೆ.

ಬ್ಲಾಗ್‌ನಲ್ಲೂ ಇದೇ ಲಾಗ್ ಅಂತ ಗೆಳೆಯ ಹೇಳಿದ. ನಿಜಾನಾ?

ನಿಜ. 1997ರ ಡಿಸೆಂಬರ್‌ನಲ್ಲಿ ಜಾರ್ನ್ ಬಾರ್ಗರ್ ತಾನು ವೆಬ್‌ನಲ್ಲಿ ಓದಿದ್ದನ್ನು ದಿನಾ ಪಟ್ಟಿ ಮಾಡುವ ಪುಟಕ್ಕೆ ವೆಬ್‌ಲಾಗ್ ಎಂದು ಹೆಸರಿಟ್ಟ. 1999ರಲ್ಲಿ ಪೀಟರ್ ಮೆರ್‌ಹೋಲ್ಜ್ ಅದನ್ನು ತಮಾಷೆಗೆ ವೀ ಬ್ಲಾಗ್ (ನಾವು ಬ್ಲಾಗ್ ಮಾಡುತ್ತೇವೆ) ಎಂದು ಒಡೆದು ಓದಿದ. ವೆಬ್‌ನ ಬಾಲ ಕಿತ್ತು ಲಾಗ್‌ನ ತಲೆಗೆ ಅಂಟಿತು. ಅದೇ ವರ್ಷ ಬ್ಲಾಗರ್ ಎಂಬ ಸೇವೆ ಶುರುವಾಗಿ ಪದ ಎಲ್ಲ ಕಡೆ ಹಬ್ಬಿತು. ವಿಡಿಯೋ ಮಾಡುವವರು ವ್ಲಾಗ್ ಎಂದರು. ಜಾತ್ರೆಯಲ್ಲಿ ಮಿರ್ಚಿ ತಿನ್ನುತ್ತಾ ವ್ಲಾಗ್ ಮಾಡುವ ಹುಡುಗನ ಕೈಯಲ್ಲೂ ಆ ಕಾಲು ವೃತ್ತದ ಹಲಗೆಯ ಹೆಸರಿದೆ.

## ಇನ್ನೂ ಆಳಕ್ಕೆ

ಈ ಲಾಗ್ ಕಂಡುಹಿಡಿದವರು ಯಾರು?

ಒಬ್ಬನ ಹೆಸರು ಹೇಳಲಾಗದು. ಅಚ್ಚಾದ ಪುಸ್ತಕದಲ್ಲಿ ಇದನ್ನು ಮೊದಲು ವಿವರಿಸಿದ್ದು ವಿಲಿಯಂ ಬೋರ್ನ್ ಎಂಬ ಇಂಗ್ಲಿಷ್ ಲೇಖಕ, 1574ರಲ್ಲಿ. ಇನ್ನೂ ಸರಳವಾದ ವಿಧಾನವೊಂದಿತ್ತು. ಹಡಗಿನ ಮೂತಿಯ ಹತ್ತಿರ ಮರದ ಚಕ್ಕೆ ಎಸೆದು, ಅದು ಹಿಂಭಾಗ ದಾಟುವುದಕ್ಕೆ ಎಷ್ಟು ಹೊತ್ತು ಬೇಕಾಯಿತು ಎಂದು ನೋಡುವುದು. ಹುರಿ ಇಲ್ಲ, ಗಂಟಿಲ್ಲ. ಹಡಗಿನ ಉದ್ದ ಗೊತ್ತಿದ್ದರೆ ವೇಗ ಸಿಕ್ಕಿತು. ಇಂಗ್ಲಿಷರು ಇದನ್ನು ಡಚ್ಚರ ಲಾಗ್ ಎನ್ನುತ್ತಿದ್ದರು.

ನಮ್ಮ ಅರಬ್ಬಿ ಸಮುದ್ರದ ನಾವಿಕರು ಏನು ಮಾಡುತ್ತಿದ್ದರು? ಅವರಿಗೂ ಲಾಗ್ ಇತ್ತಾ?

ಅವರ ದಾರಿ ಬೇರೆ. ಅರಬ್ ನಾವಿಕರು ದೂರವನ್ನು ಜಾಮ್ ಎಂಬ ಅಳತೆಯಲ್ಲಿ ಹೇಳುತ್ತಿದ್ದರು. ಒಂದು ಜಾಮ್ ಎಂದರೆ ಮೂರು ಗಂಟೆಯ ಪ್ರಯಾಣ. ನಮ್ಮ ಒಂದು ಜಾವವೂ ಮೂರು ಗಂಟೆಯೇ. 15ನೇ ಶತಮಾನದ ಇಬ್ನ್ ಮಾಜಿದ್ ಬರೆದ ಕಡಲ ವಿದ್ಯೆಯಲ್ಲಿ ಈ ಲೆಕ್ಕವಿದೆ. ಮಾನ್ಸೂನ್ ಗಾಳಿ ವರ್ಷ ವರ್ಷವೂ ಒಂದೇ ಹೊತ್ತಿಗೆ, ಒಂದೇ ದಿಕ್ಕಿಗೆ ಬೀಸುವ ಸಮುದ್ರದಲ್ಲಿ ಇದು ಚೆನ್ನಾಗಿ ನಡೆಯುತ್ತಿತ್ತು.

ಅವರ ಬಳಿಯೂ ಒಂದು ಹಲಗೆ, ಗಂಟು ಹಾಕಿದ ದಾರ ಇತ್ತು. ಹೆಸರು ಕಮಾಲ್. ಅಂಗೈಯಗಲದ ಹಲಗೆ, ನಡುವಿನಿಂದ ಒಂದು ದಾರ. ದಾರದ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಹಲಗೆಯನ್ನು ಕಣ್ಣ ಮುಂದೆ ಹಿಡಿಯುವುದು. ಕೆಳ ಅಂಚು ದಿಗಂತಕ್ಕೆ, ಮೇಲಂಚು ಧ್ರುವ ನಕ್ಷತ್ರಕ್ಕೆ ತಾಗಬೇಕು. ಒಂದೊಂದು ಬಂದರಿಗೆ ಒಂದೊಂದು ಗಂಟು. ಅದು ವೇಗದ ಅಳತೆಯಲ್ಲ, ಅಕ್ಷಾಂಶದ ಅಳತೆ. ಯುರೋಪಿನ ಲಾಗ್‌ಗೂ ಇದಕ್ಕೂ ನಂಟಿಲ್ಲ.

ಲಾಗ್ ಬುಕ್‌ನಲ್ಲಿ ಸುಳ್ಳು ಬರೆಯೋಕೆ ಆಗಲ್ವಾ?

ಆಗುತ್ತದೆ, ಅದಕ್ಕೇ ನಿಯಮಗಳು. ತಪ್ಪಾದರೆ ಅಳಿಸುವಂತಿಲ್ಲ. ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಚಿಕ್ಕ ಸಹಿ ಹಾಕಬೇಕು. ಅಪಘಾತ, ಸಾವು, ಹಡಗಿನಲ್ಲಾದ ಹುಟ್ಟು, ಶಿಕ್ಷೆ ಎಲ್ಲವೂ ಅಧಿಕೃತ ಲಾಗ್‌ಗೆ ಸೇರುತ್ತವೆ. ಭಾರತದ 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯೂ ಹಡಗಿನಲ್ಲಿ ಅಧಿಕೃತ ಲಾಗ್ ಬುಕ್ ಇರಬೇಕು ಎಂದಿತು.

ಬರೆದದ್ದಕ್ಕಿಂತ ಬರೆಯದೆ ನಿಂತದ್ದು ಹೆಚ್ಚು ಕಾಡುವ ಉದಾಹರಣೆ ಮೇರಿ ಸೆಲೆಸ್ಟ್. 1872ರ ಡಿಸೆಂಬರ್ ಮೊದಲ ವಾರ ಆ ಹಡಗು ಅಟ್ಲಾಂಟಿಕ್‌ನಲ್ಲಿ ಒಬ್ಬರೂ ಇಲ್ಲದೆ ತೇಲುತ್ತಿದ್ದುದು ಕಂಡಿತು. ಕ್ಯಾಪ್ಟನ್, ಅವನ ಹೆಂಡತಿ, ಪುಟ್ಟ ಮಗಳು, ಏಳು ನಾವಿಕರು, ಹತ್ತು ಜನರೂ ಇಲ್ಲ. ಲಾಗ್ ಬುಕ್ ನವೆಂಬರ್ 24ಕ್ಕೆ ನಿಂತಿತ್ತು. ಸ್ಲೇಟಿನಲ್ಲಿ ಮಾತ್ರ ಮರುದಿನ ಬೆಳಗ್ಗೆ ಎಂಟರವರೆಗಿನ ಲೆಕ್ಕ ಇತ್ತು, ಅಜೋರ್ಸ್‌ನ ಸಾಂತಾ ಮರಿಯಾ ದ್ವೀಪದ ಹತ್ತಿರ. ಅದನ್ನು ಪುಸ್ತಕಕ್ಕೆ ಇಳಿಸುವ ಮಧ್ಯಾಹ್ನ ಬರಲಿಲ್ಲ.

ಹಳೆಯ ಲಾಗ್ ಬುಕ್‌ಗಳಿಂದ ಈಗೇನು ಪ್ರಯೋಜನ? ರದ್ದಿಯಲ್ವಾ?

ಒಂದು ಕಾಲಕ್ಕೆ ಹಾಗೆಯೇ ಅಂದುಕೊಂಡಿದ್ದರು. ಅಮೆರಿಕದ ನೌಕಾಪಡೆಯ ಮ್ಯಾಥ್ಯೂ ಮೋರಿ ಕುದುರೆ ಗಾಡಿಯ ಅಪಘಾತದಲ್ಲಿ ಕಾಲು ಮುರಿದು, 1842ರಲ್ಲಿ ನಕ್ಷೆಗಳ ಉಗ್ರಾಣದ ಮೇಜಿಗೆ ಬಂದ. ಅಲ್ಲಿ ರಾಶಿ ಬಿದ್ದಿದ್ದ ಹಳೆಯ ಲಾಗ್‌ಗಳನ್ನು ಬಿಡಿಸಿ, ಯಾವ ತಿಂಗಳು ಯಾವ ಕಡೆ ಎಂಥ ಗಾಳಿ, ಎಂಥ ಪ್ರವಾಹ ಎಂದು ಒಟ್ಟುಹಾಕಿದ. 1847ರಿಂದ ಅವನ ಗಾಳಿ-ಪ್ರವಾಹದ ನಕ್ಷೆಗಳು ಬರತೊಡಗಿದವು. ಅದನ್ನು ನಂಬಿ ಹೋದ ಹಡಗುಗಳು ರಿಯೊ ಡಿ ಜನೈರೊ ದಾರಿಯಲ್ಲಿ ವಾರಗಟ್ಟಲೆ ಸಮಯ ಉಳಿಸಿದವು.

ಗಾಳಿಯ ಜೋರನ್ನು ಸೊನ್ನೆಯಿಂದ 12ರವರೆಗೆ ಹೇಳುವ ಬೋಫರ್ಟ್ ಮಾಪಕವೂ ಹೀಗೇ ಹುಟ್ಟಿತು. ಫ್ರಾನ್ಸಿಸ್ ಬೋಫರ್ಟ್ 1806ರಲ್ಲಿ ತನ್ನ ಹಡಗಿನ ದಿನಚರಿಯಲ್ಲಿ ಪ್ರತಿಸಲ ಉದ್ದುದ್ದ ಬರೆಯುವ ಬದಲು ಅಂಕಿ ಹಾಕತೊಡಗಿದ. ಇನ್ನು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ಲಾಗ್‌ಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮಳೆಮಾಪಕ ಇಲ್ಲದ ಕಾಲದ ಹವಾಮಾನ ತಿಳಿಯಲು ವಿಜ್ಞಾನಿಗಳು ಇಂಥವನ್ನು ಓದುತ್ತಾರೆ. ಗಂಟೆ ಗಂಟೆಗೂ ಗಾಳಿಯ ದಿಕ್ಕು ಬರೆದವನಿಗೆ ತಾನು ಮುಂಗಾರಿನ ಇತಿಹಾಸ ಬರೆಯುತ್ತಿದ್ದೇನೆ ಎಂದು ಗೊತ್ತಿರಲು ಸಾಧ್ಯವೇ ಇಲ್ಲ.

ಈಗಿನ ಹಡಗುಗಳಲ್ಲಿ ಜಿಪಿಎಸ್ ಇದೆ. ಲಾಗ್ ಇನ್ನೂ ಇದೆಯಾ?

ಇದೆ. ಮರದ್ದಲ್ಲ, ಅಷ್ಟೇ. 1802ರಲ್ಲಿ ಎಡ್ವರ್ಡ್ ಮಾಸಿ ನೀರಿನಲ್ಲಿ ತಿರುಗುತ್ತಾ ಮೈಲಿ ಎಣಿಸುವ ಯಂತ್ರದ ಲಾಗ್‌ಗೆ ಪೇಟೆಂಟ್ ಪಡೆದ. ಈಗ ಹಡಗಿನ ತಳದಲ್ಲಿ ಕೂತು ಶಬ್ದದ ಅಲೆ ಕಳಿಸುವ ಡಾಪ್ಲರ್ ಲಾಗ್, ವಿದ್ಯುತ್ಕಾಂತೀಯ ಲಾಗ್ ಇವೆ. ಜಿಪಿಎಸ್ ಇದ್ದರೂ ಇವು ಯಾಕೆ ಬೇಕೆಂದರೆ, ಎರಡೂ ಅಳೆಯುವುದು ಬೇರೆ ಬೇರೆ. ಜಿಪಿಎಸ್ ಹೇಳುವುದು ನೆಲಕ್ಕೆ ಹೋಲಿಸಿದ ವೇಗ. ಲಾಗ್ ಸಾಮಾನ್ಯವಾಗಿ ಹೇಳುವುದು ನೀರಿಗೆ ಹೋಲಿಸಿದ ವೇಗ. ಚುಕ್ಕಾಣಿ ಹಿಡಿಯುವುದು ನೀರನ್ನು, ನೆಲವನ್ನಲ್ಲ.

ಮಕ್ಕಳಿಗೆ ಮಾಡಿ ತೋರಿಸಬಹುದಾ?

ಖಂಡಿತ. ಪ್ಲೈವುಡ್ಡಿನಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡ ಕಾಲು ವೃತ್ತ ಕತ್ತರಿಸಿ. ಬಾಗಿದ ಅಂಚಿಗೆ ನಟ್ಟು-ಬೋಲ್ಟು ಹಾಕಿ ಭಾರ ಮಾಡಿ, ಬಕೆಟ್ ನೀರಿನಲ್ಲಿ ನೆಟ್ಟಗೆ ನಿಲ್ಲುತ್ತದಾ ನೋಡಿ. ಮೂರು ಮೂಲೆಗೆ ದಾರ. 60 ಮೀಟರ್ ನೈಲಾನ್ ಹುರಿ ಸಾಕು. ಮೊದಲ 10 ಮೀಟರ್ ಬಿಟ್ಟು ಬಟ್ಟೆ ಚೂರು, ಅಲ್ಲಿಂದ ಪ್ರತಿ 7.2 ಮೀಟರಿಗೆ ಒಂದು ಗಂಟು. ಫೋನಿನಲ್ಲಿ 14 ಸೆಕೆಂಡಿನ ಟೈಮರ್ ಇಡಿ. ಅಳತೆ, ಸಮಯ ಎರಡನ್ನೂ ಅರ್ಧ ಮಾಡಿದ್ದರಿಂದ ಲೆಕ್ಕ ಅದೇ ಬರುತ್ತದೆ, ವೇಗದ ಹಡಗುಗಳಲ್ಲೂ 14 ಸೆಕೆಂಡಿನ ಗಡಿಯಾರವನ್ನೇ ಬಳಸುತ್ತಿದ್ದರು.

ಹೊನ್ನಾವರದ ಶರಾವತಿ ಅಳಿವೆಯಂಥ ಜಾಗ ಒಳ್ಳೆಯದು. ದೋಣಿಯವರಿಗೆ ಮೊದಲೇ ಹೇಳಿ, ಹುರಿ ಎಂಜಿನ್ನಿನ ಫ್ಯಾನಿಗೆ ಸಿಕ್ಕಿದರೆ ಬೈಗುಳ ಖಚಿತ. ಲೈಫ್ ಜಾಕೆಟ್ ಹಾಕಿಕೊಳ್ಳಿ. ಒಬ್ಬರು ಹುರಿ ಬಿಡಲಿ, ಒಬ್ಬರು ಟೈಮರ್ ನೋಡಲಿ, ಒಬ್ಬರು ಫೋನಿನ ಜಿಪಿಎಸ್ ವೇಗ ಬರೆದುಕೊಳ್ಳಲಿ. ಉಬ್ಬರ ಏರುವಾಗ ಒಮ್ಮೆ ಸಮುದ್ರದ ಕಡೆಗೆ, ಒಮ್ಮೆ ಊರಿನ ಕಡೆಗೆ ಹೋಗಿ ಅಳೆಯಿರಿ. ಹುರಿಗೂ ಜಿಪಿಎಸ್‌ಗೂ ತಾಳೆಯಾಗದಿದ್ದರೆ ಗಾಬರಿ ಬೇಡ. ಎರಡರ ನಡುವಿನ ವ್ಯತ್ಯಾಸವೇ ಆ ಹೊತ್ತಿನ ನೀರಿನ ಸೆಳೆತ.